ಚಿಗವ್ವನ ಗೋದಾಮು

ಪಾರ್ಸಲ್ ಧಂದೇಕ ಕೈ ಹಚ್ಚಿದ ಮನಶ್ಯಾ ನಗೂ ಪ್ರಸಂಗ ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಅವೇ ಅವನ ವಿಳಾಸಾ ಕೇಳ್ಕೋತ ಬಾಗಲಕ್ಕ ಬಂದು ನಿಂದರ್ತಾವ. ನಾ ಸಹಿ ಮಾಡಿ ತಗೊಂಡವು ಒಂದಿಷ್ಟು ಇಲ್ಲಿ ಬಿಚ್ಚಿ ಇಡ್ತೇನಿ.

ನಾ ಇಳಕಲ್ಲಿನ ನೇಕಾರ ಮನ್ಯಾಗ ಹುಟ್ಟಿದಾಂವ. ನಮ್ಮ ಮನಿ ಹಿಂದಿನ ಸೆಡ್ಡಿನಾಗ ಅಪ್ಪನ ಮಗ್ಗ, ಕಾಕಾನ ಮಗ್ಗ ದಿನಾ ಖಟಕ್ ಖಟಕ್ ಅಂತ ಬಡಕೋತಿದ್ವು. ಪಾವರ್‌ಲೂಮು ಬಂದ್ವು, ಕೈಮಗ್ಗಕ್ಕ ಕೆಲಸಾ ಕಡಿಮಿ ಆತು. ಅಪ್ಪ ತೀರಿಕೊಂಡ, ಆಮ್ಯಾಲ ಕಾಕಾನೂ ಹ್ವಾದ. ಸೆಡ್ಡಿನಾಗ ಬರೇ ಇಲಿ ಓಡ್ಯಾಡಾಕತ್ತಿದ್ವು. ಮನ್ಯಾಗ ಉಳದೋರು ನಾನು, ನಮ್ಮ ಚಿಗವ್ವ. ಚಿಗವ್ವ ಅಂದ್ರ ಕಾಕಾನ ಹೆಂಡ್ತಿ. ಆಕಿಗೆ ಮಕ್ಕಳಿಲ್ಲ, ಹಂಗಾಗಿ ನಾನೇ ಮಗ.

ಕಾಕಾ ಹ್ವಾದ ಮ್ಯಾಲ ಚಿಗವ್ವ ಅಡಗಿಮನಿ ಮೂಲಿ ಹಿಡದು ಕುಂತಬಿಟ್ಟಿದ್ಳು. ಓಣ್ಯಾಗ ಬಸರಿ ಹೆಣ್ಮಗಳ ಕುಬಸ ಇರ್ಲಿ, ಮದವಿ ಇರ್ಲಿ, ಹೆಣ್ಮಕ್ಕಳಿಗೆ ಉಡಿ ತುಂಬೂ ಹೊತ್ತಿಗೆ ಆಕಿನ್ನ ಯಾರೂ ಕರೀತಿರ್ಲಿಲ್ಲ. ಸೆರಗಿನಾಗ ಅಕ್ಕಿ, ಕೊಬ್ಬರಿ ಬಟ್ಟಲಾ, ಅರಿಷಿಣ ಬೇರು, ಉತ್ತತ್ತಿ ಹಾಕಿ "ಚೊಲೋ ಇರವಾ" ಅಂತ ಹರಸೂದಕ್ಕ ಉಡಿ ತುಂಬೂದು ಅಂತಾರ. ಅದನ್ನ ಮುತ್ತೈದ್ಯಾರೇ ತುಂಬಬೇಕು ಅನ್ನೂದು ಪದ್ಧತಿ. ಒಬ್ಬರಿಗೆ ಚೊಲೋ ಆಗ್ಲಿ ಅನ್ನಾಕೂ ಗಂಡ ಜೀವಂತ ಇರಬೇಕಂತ! ಚಿಗವ್ವ ಅದರ ಬಗ್ಗೆ ಯಾರ ಮುಂದೂ ಬಾಯಿ ಬಿಡ್ಲಿಲ್ಲ.

ಅಂಥಾದ್ರಾಗ ಬೆಂಗಳೂರಾಗ ಒಂದು ಕಂಪನಿ ಹುಟ್ತು. ಮೊಬೈಲು ಇನ್ನೂ ಸಾಹುಕಾರರ ಕಿಸೇದಾಗಷ್ಟ ಇದ್ದ ಕಾಲ ಅದು. ಈ ಕಂಪನಿಗೆ ಅಂಗಡಿ ಇಲ್ಲ, ನಡುವ ದಲಾಲಿ ಇಲ್ಲ. ಇಳಕಲ್ ಸೀರಿ, ಗುಳೇದಗುಡ್ಡದ ಕುಪ್ಪಸದ ಖಣಾ ಟೀವ್ಯಾಗ, ಕಂಪ್ಯೂಟರದಾಗ ತೋರಸೂದು. ಗಿರಾಕಿ ಅಲ್ಲಿಂದ ಫೋನ್ ಮಾಡೂದು. ಸೀರಿ ನೆಟ್ಟಗ ಅವರ ಮನಿ ಬಾಗಲಕ್ಕ! ನಾ ಇದನ್ನ ಕೇಳಿ ಬಾಯಿ ತಗದು ನಿಂತಬಿಟ್ನಿ. ನಮ್ಮ ಅಪ್ಪ ಗಂಟು ಹೊತಗೊಂಡು ಊರೂರು ತಿರಗಿದ್ದ. ಈಗ ಗಿರಾಕಿ ಹಾಸಗಿ ಮ್ಯಾಲಿಂದ ಏಳೂ ಕಾರಣಿಲ್ಲ, ನೇಕಾರನೂ ಮನಿ ಬಿಟ್ಟು ಏಳೂ ಕಾರಣಿಲ್ಲ. ಆದ್ರ ಮಾಲು ಇಡಾಕ, ಡಬ್ಬಿ ಕಟ್ಟಾಕ, ಕಳಸಾಕ ಇಳಕಲ್ಲಿನಾಗ ಒಂದು ಗೋದಾಮು ಬೇಕಿತ್ತು. ನಮ್ಮ ಸೆಡ್ಡು ನೋಡಿ ಒಪ್ಪಿದ್ರು. ಒಂದು ಶರತ್ತು ಹಾಕಿದ್ರು: "ಸ್ವಲ್ಪ ದಿನ ನೋಡ್ತೀವಿ. ಗಿರಾಕಿಗಳಿಂದ ದೂರು ಬಂದ್ರೆ ಗೋದಾಮು ಬೆಂಗಳೂರಿಗೆ ತಗೊಂಡು ಹೋಗ್ತೀವಿ."

ಸೆಡ್ಡಿನಾಗ ಮತ್ತ ಸೀರಿ ಬಂದ ದಿನ ಚಿಗವ್ವ ಮೂಲಿ ಬಿಟ್ಟು ಎದ್ದು ಬಂದ್ಳು. ಸೆರಗು ಸಿಗಿಸಿ ಕಸಾ ಹೊಡದ್ಳು, ಡಬ್ಬಿ ಕಟ್ಟೂ ಕೆಲಸಾ ತಾನ ಹಿಡದ್ಳು. ಭಾಳ ದಿನದ ಮ್ಯಾಲ ಆಕಿ ಹಾಡು ಗುನುಗೂದು ಕೇಳಿದ್ನಿ. ಅವತ್ತಿನಿಂದ ನನ್ನ ಎದ್ಯಾಗ ಒಂದೇ ಪುಕಪುಕಿ. ಈ ಗೋದಾಮು ಹೋತಂದ್ರ ಆಕಿ ಮತ್ತ ಆ ಮೂಲಿಗೇ ಹೋಗ್ತಾಳ.

೧. ರ್‍ಯಾಕಿನ ಜಗಳ

ಕಂಪನಿಯೋರು ಕಬ್ಬಿಣದ ರ್‍ಯಾಕ್ ಕಳಿಸಿದ್ರು. ಒಂದೊಂದಕ್ಕ ಒಂದೊಂದು ಇಂಗ್ಲೀಷ್ ಅಕ್ಷರಾ ಬರದು, ಯಾವ ಸೀರಿ ಎಲ್ಲಿ ಇಡಬೇಕಂತ ನಕಾಶೆನೂ ಕೊಟ್ಟಿದ್ರು. ಚಿಗವ್ವ ನಕಾಶೆ ನೋಡಿದ್ಳು, ಮಡಚಿದ್ಳು, ರ್‍ಯಾಕಿನ ಕಾಲು ಅಲುಗಾಡಬಾರದಂತ ಅದರ ಕೆಳಗ ತುರಕಿದ್ಳು.

ಆಮ್ಯಾಲ ತನ್ನದೇ ಪದ್ಧತಿ ಸುರು ಮಾಡಿದ್ಳು. ಓಣ್ಯಾಗ ಯಾವ ಹೆಣ್ಮಗಳು ಯಾವ ಅಂಚಿನ, ಅಂದ್ರ ಯಾವ ದಡಿ ಸೀರಿ ಹೆಚ್ಚ ಉಡ್ತಾಳ, ಆ ರ್‍ಯಾಕಿಗೆ ಆಕಿ ಹೆಸರು. ಗೋಮಿ ದಡಿ ಸೀರಿ ಎಲ್ಲಾ ಸಾವಂತ್ರಕ್ಕನ ರ್‍ಯಾಕಿನಾಗ. ಚಿಕ್ಕಿಪರಾಸ ದಡಿ ಸೀರಿ ಗೌರಕ್ಕನ ರ್‍ಯಾಕಿನಾಗ. ಬೆಂಗಳೂರಿಂದ ಫೋನ್ ಬಂದು ನಂಬರ್ ಹೇಳಿದ್ರ ನಾ ಅದು ಎಂಥಾ ಸೀರಿ ಅಂತ ಆಕಿಗೆ ಕೂಗಿ ಹೇಳೂದು, ಆಕಿ ಹೋಗಿ ಕಣ್ಣು ಮುಚ್ಚಿ ತರೂದು. ನಾನು ಅಬಬಬ ಅಂತ ನೋಡ್ಕೋತ ನಿಂದರೂದು.

ಒಂದಿನ ಆಕಿ ಊಟಕ್ಕ ಹೋಗಿದ್ಳು, ನಾನೇ ಗೋಮಿ ಸೀರಿ ತಗ್ಯಾಕ ಹೋದ್ನಿ. ಸಾವಂತ್ರಕ್ಕನ ರ್‍ಯಾಕು ಇದ್ದ ಜಾಗಾದಾಗ ಇಲ್ಲ! ನೋಡಿದ್ರ ಅಷ್ಟೂ ಮಾಲು ಆ ಕಡೆ ಗ್ವಾಡಿಗೆ ಹೋಗೇತಿ.

"ಚಿಗವ್ವಾ, ಸೀರಿ ಯಾಕ ಅತ್ತ ಇಟ್ಟಿ?" ಅಂದ್ನಿ.

"ಸಾವಂತ್ರಕ್ಕ, ಗೌರಕ್ಕ ನಿನ್ನೆ ನಳದ ಹತ್ರ ಕಚ್ಚ್ಯಾಡ್ಯಾರ. ಇಬ್ಬರೂ ಮಾತು ಬಿಟ್ಟಾರ. ಬಾಜೂ ಬಾಜೂ ಹೆಂಗ ಇಡ್ಲಿ?"

"ಅಯ್ಯ, ಜಗಳ ಅವರದು! ಸೀರಿ ಏನ್ ಮಾಡ್ಯಾವು?"

"ನೆಪ್ಪಿನಾಗ ಉಳಿಬೇಕಲ್ಲೋ. ಜಗಳಾಡಿದೋರನ್ನ ಬಾಜೂಕ ಇಟ್ರ ನನಗ ಹೆಂಗ ನೆಪ್ಪಿರ್ತೈತಿ?"

ಮುಂದ ಬಸವ ಜಯಂತಿ ದಿನ ಇಬ್ಬರೂ ಒಂದಾದ್ರು. ಸೀರಿನೂ ಹೊಳ್ಳಿ ಬಂದ್ವು. ಅವತ್ತಿನಿಂದ ನಾ ಮುಂಜಾನೆ ಎದ್ದಕೂಡ್ಲೇ ನಳದ ಹತ್ರ ಹೋಗಿ, ಯಾರು ಯಾರ ಜೋಡಿ ಮಾತಾಡಾಕತ್ತಾರ ಅಂತ ನೋಡ್ಕೊಂಡ ಬರ್ತಿದ್ನಿ. "ಹೆಣ್ಮಕ್ಕಳ ಹಂತ್ಯಾಕ ಏನ್ ಕೆಲಸಾ ನಿಂದು?" ಅಂತ ಓಣ್ಯಾಗ ಬೈದ್ರು. "ಸ್ಟಾಕ್ ತಗೋಳಾಕ ಬಂದೇನ್ರಿ" ಅಂದ್ನಿ.

೨. ಶುಕ್ರವಾರದ ಲಕ್ಷ್ಮಿ

ನಮ್ಮ ಚಿಗವ್ವಂದು ಎಲ್ಲಾ ಚೊಲೋ, ಒಂದೇ ತ್ರಾಸು. ಶುಕ್ರವಾರ ಒಂದು ಸೀರಿ ಹೊಸ್ತಲಾ ದಾಟಸಾಕ ಬಿಡ್ತಿರ್ಲಿಲ್ಲ. "ಶುಕ್ರವಾರ ಮನ್ಯಾಗಿನ ಲಕ್ಷ್ಮಿನ್ನ ಹೊರಗ ಕಳಸಬಾರದು" ಅಂತಿದ್ಳು. ಬೆಂಗಳೂರಿನೋರು ನೋಡಿದ್ರ ಶುಕ್ರವಾರವೇ ಮಾಲು ಬಿಡಬೇಕು, ಇಲ್ಲಾಂದ್ರ ಐತವಾರ ಅಡ್ಡ ಬರ್ತೈತಿ ಅಂತ ತಲಿ ತಿಂತಿದ್ರು. ನಾ ಇವರಿಬ್ಬರ ನಡುವ ಸಿಕ್ಕಾಂವ.

ಕಡೀಕ ನಾನೇ ಒಂದು ಉಪಾಯ ಮಾಡಿದ್ನಿ. ಗುರುವಾರ ದೀಪಾ ಹಚ್ಚೂದರೊಳಗ ಡಬ್ಬಿಗೋಳನ್ನ ಬಾಜೂಮನಿ ಕಟ್ಟಿ ಮ್ಯಾಲ ಇಟ್ಟಬಿಟ್ರ? ಶುಕ್ರವಾರ ಅವು ನಮ್ಮ ಮನಿಯಿಂದ ಹೋಗೂದಿಲ್ಲಲ್ಲ! ಚಿಗವ್ವ ಜರಾ ವಿಚಾರ ಮಾಡಿ ಹೂಂ ಅಂದ್ಳು. ಇಟ್ವಿ.

ಬಾಜೂಮನ್ಯಾಗ ಇದ್ದಾಕಿ ಒಬ್ಬಾಕಿ ದೊಡ್ಡವ್ವ. ನಮ್ಮ ಸಂಬಂಧಿಕಳಲ್ಲ, ಓಣಿ ಮಂದಿಗೆಲ್ಲಾ ದೊಡ್ಡವ್ವ. ಯಾವತ್ತ ತಲಿ ಮ್ಯಾಲ ನೀರ ಹಾಕ್ಕೋಬೇಕು, ಯಾವ ದಿಕ್ಕಿಗೆ ಪ್ರಯಾಣ ಮಾಡಬಾರದು, ಎಲ್ಲಾ ಶಾಸ್ತ್ರಕ್ಕೂ ಆಕಿನೇ ಹೆಡ್ ಆಫೀಸು. ಚಿಗವ್ವನ್ನ ಉಡಿ ತುಂಬಾಕ ಕರೀಬಾರದಂತ ಮೊದಲ ಹೇಳಿದಾಕಿನೂ ಆಕಿನೇ.

ಶುಕ್ರವಾರ ಮುಂಜಾನೆ ನಾ ಡಬ್ಬಿ ಒಯ್ಯಾಕ ಹೋದ್ರ ದೊಡ್ಡವ್ವನ ಕಟ್ಟಿ ಖಾಲಿ! ಅಷ್ಟೂ ಮಾಲು ಕಳುವಾತು, ಗೋದಾಮು ಹೋತು, ಚಿಗವ್ವ ಮೂಲಿಗೆ ಹೋದ್ಳು ಅಂತ ಎಲ್ಲಾ ಕಣ್ಣ ಮುಂದ ಬಂತು.

"ದೊಡ್ಡವ್ವಾ, ಡಬ್ಬಿ ಎಲ್ಲಿ?"

"ಎಲಾ ಇವನ! ನಿಮ್ಮ ಮನಿ ಲಕ್ಷ್ಮಿ ಶುಕ್ರವಾರ ಹೋಗಬಾರದು, ನಮ್ಮ ಕಟ್ಟಿಯಿಂದ ಹೋಗಬೇಕೇನು? ರಾತ್ರಿ ಕಟ್ಟಿ ಮ್ಯಾಲ ಮಲಗಿದ್ಲಂದ್ರ ಆಕಿ ನಮ್ಮಾಕಿ. ನಿನ್ನೆನೇ ಎತ್ತಿ ಗೌರಕ್ಕನ ಕಟ್ಟಿ ಮ್ಯಾಲ ಇಟ್ನಿ."

ಗೌರಕ್ಕನ ಮನಿಗೆ ಓಡಿದ್ನಿ. "ನನಗೂ ಅಷ್ಟ ತಿಳೀತೈತ್ರಿ" ಅಂದ್ಳು ಗೌರಕ್ಕ, "ದೀಪಾ ಹಚ್ಚೂದರೊಳಗ ಮುಂದಿನ ಮನಿಗೆ ದಾಟಿಸಿದ್ನಿ." ಮುಂದಿನ ಮನಿಯೋರು ಅದರ ಮುಂದಿನೋರಿಗೆ. ಅವರು ಎದುರಿನೋರಿಗೆ. ಒಂದೊಂದು ಮನಿ ಮುಂದ ನಿಂತು ಕೇಳ್ಕೋತ, ಉಸಿರು ಬಿಡ್ಕೋತ, ಓಣಿ ಮುಗಿಸಿ ಕಡೀಕ ಬಂದು ಎಲ್ಲಿ ಮುಟ್ಟಿದ್ನಿ? ಬಸ್ ಸ್ಟ್ಯಾಂಡಿಗೆ. ನಮ್ಮ ಓಣಿ ಮುಗಿಯೂದೇ ಅಲ್ಲಿ.

ಅಲ್ಲಿ ನೋಡಿದ್ರ ಕಂಟ್ರೋಲರ್ ಸಾಹೇಬರ ಕೋಣಿ ಮುಂದ ಎಲ್ಲಾ ಡಬ್ಬಿ ಅಗದಿ ಸಾಲಾಗಿ ಕುಂತಾವ. ಒಂದೂ ಕಡಿಮಿ ಇಲ್ಲ, ಒಂದರ ಮೂಲಿನೂ ಮುರದಿಲ್ಲ. ನಾ ಹಂಗ ಕೈ ಮುಗದಬಿಟ್ನಿ. ಗಾಡಿ ಇಲ್ಲ, ಹಮಾಲ್ರಿಲ್ಲ, ಇಡೀ ಓಣಿ ಹೆಣ್ಮಕ್ಕಳು ದೀಪಾ ಹಚ್ಚೂದರೊಳಗ ಮಾಲು ಬಸ್ಸಿನ ತನಕ ಮುಟ್ಟಿಸಿದ್ರು! ಮುಂದ ಪ್ರತಿ ಗುರುವಾರ ಹಂಗ ನಡೀತು. ಬೆಂಗಳೂರಿನೋರು ಫೋನ್ ಮಾಡಿ, "ನಿಮ್ಮ ಶುಕ್ರವಾರದ ಮಾಲೇ ಎಲ್ಲಕ್ಕಿಂತ ಬೇಗ ಬರುತ್ತೆ, ಏನ್ರಿ ನಿಮ್ಮ ಸಿಸ್ಟಮ್ಮು?" ಅಂತ ಕೇಳಿದ್ರು.

ಆ ಮೊದಲನೇ ದಿನ ನಾ ಹೆದರಿಕೋತ ಕಂಟ್ರೋಲರ್ ಸಾಹೇಬರನ್ನ ಕೇಳಿದ್ನಿ, "ಸರ, ಇಲ್ಲಿಂದ ಶುಕ್ರವಾರ ಒಯ್ದ್ರ ನಿಮ್ಮದೇನೂ ತಕರಾರಿಲ್ಲಲ್ರಿ?"

ಅವರು ಪೇಪರಿನಿಂದ ತಲಿ ಎತ್ತಲಿಲ್ಲ. "ಒಯ್ಯಪಾ. ಇದು ಸರ್ಕಾರದ ಜಾಗಾ. ಲಕ್ಷ್ಮಿ ಇಲ್ಲಿ ಬಂದಿದ್ರ ಹೋಗೂ ಮಾತು."

೩. ನೀರಾಗಿನ ವಿಳಾಸ

ಸೀರಿ ಹೊರಗ ಕಳಸೂದಷ್ಟ ಅಲ್ಲ, ಆ ಕಂಪನಿ ಟೀವ್ಯಾಗ ಮಾರೂ ಬ್ಯಾರೆ ಸಾಮಾನು ನಮ್ಮ ಜಿಲ್ಲಾದಾಗ ಮುಟ್ಟಸೂ ಕೆಲಸಾನೂ ನಂದೇ. ಹುನಗುಂದ, ಬದಾಮಿ, ಬಾಗಲಕೋಟಿ, ಎಲ್ಲಾ ಕಡೆ ನನ್ನ ಲೂನಾ ಗಾಡಿ ಮ್ಯಾಲೇ.

ಬಾಗಲಕೋಟಿಗೆ ಒಂದು ಡಬ್ಬಿ ಬಂದಿತ್ತು. ವಿಳಾಸಾ ಹುಡುಕ್ಕೋತ ಹೋಗಿ ನಿಂತ್ರ, ಮುಂದ ನೀರು! ಡ್ಯಾಮಿನ ಹಿನ್ನೀರು ಬಂದು ಆ ಓಣಿಗೆ ಓಣಿನೇ ಒಳಗ ಹೋಗಿತ್ತು. ಮಂದಿ ಎಲ್ಲಾ ನವನಗರಕ್ಕ ಹೋಗಿದ್ರು. ಖರೆ, ಫೋನಿನಾಗ ಹೇಳಾಕ ನಿಂತ್ರ ಬಾಯಾಗ ಹಳೇ ವಿಳಾಸಾನೇ ಬರ್ತಿತ್ತು. ಹುಟ್ಟಿ ಬೆಳದ ವಿಳಾಸಾ ಬಾಯಿ ಮರೀತೈತೇನು?

ನವನಗರದಾಗ ಹೋಗಿ ಕೇಳಿದ್ರ ಎಲ್ಲಾ ಮನಿ ಒಂದೇ ನಮೂನಿ, ಎಲ್ಲಾ ಓಣಿಗೂ ನಂಬರು. ಬಾಜೂ ಮನಿಯಾಂವ ಯಾರಂತ ಒಬ್ಬರಿಗೂ ಗೊತ್ತಿಲ್ಲ. ಸಾಕಾಗಿ ಹೊಳ್ಳಿ ಆ ನೀರಿನ ದಂಡಿಗೇ ಬಂದ್ನಿ. ಅಲ್ಲಿ ಹಳೇ ಊರಿನ ಅಜ್ಜಗೋಳು ದಿನಾ ಸಂಜಿಕ ಬಂದು ನೀರು ನೋಡ್ಕೋತ ಕುಂದರ್ತಿದ್ರು. ನಾ ಡಬ್ಬಿ ಮ್ಯಾಲಿನ ಹೆಸರು ಓದಿದ್ನಿ.

ಒಬ್ಬ ಅಜ್ಜ ನೀರಿನ ಕಡೆ ಬಟ್ಟು ಮಾಡಿದ. "ಅಲ್ಲಿ ಬೇವಿನ ಗಿಡದ ತುದಿ ಕಾಣ್ತೈತಲ್ಲ? ಅದರ ಎಡಕ್ಕ ಅವನ ಮನಿ. ಬಲಕ್ಕ ನಮ್ಮದು. ಈಗ ಆಂವ ನವನಗರದಾಗ ನೀರಿನ ಟಾಕಿ ಹಿಂದ, ಮೂಲಿ ಮನ್ಯಾಗ ಅದಾನ." ಇನ್ನೊಬ್ಬ ಅಜ್ಜ ಮನಿ ಬಣ್ಣಾ ಹೇಳಿದ, ಮತ್ತೊಬ್ಬಾಂವ ನಾಯಿ ಹೆಸರು ಹೇಳಿದ. ಎಂಥಾ ಮಂದಿ ಇವರು! ಹೊಸಾ ಊರಿನ ದಾರಿ ಹಳೇ ಊರಿನ ದಂಡಿ ಮ್ಯಾಲ ಕುಂತಿತ್ತು.

"ಅದೇನದು ಡಬ್ಬ್ಯಾಗ?" ಅಂದ ಮೊದಲಿನ ಅಜ್ಜ.

"ನೀರು ಸೋಸೂ ಫಿಲ್ಟರ್ರೀ."

ಅಜ್ಜ ಒಮ್ಮೆ ಡಬ್ಬಿ ನೋಡಿದ, ಒಮ್ಮೆ ಆ ಸಮುದ್ರದಂಥಾ ಹಿನ್ನೀರು ನೋಡಿದ. "ಒಂದ ತರಸ್ಯಾನೇನು? ಇಷ್ಟೂ ನೀರು ಸೋಸೂದು ಯಾವಾಗ ಮುಗೀತೈತಿ!"

೪. ಟಗರಿನ ನಡಕ್ಕ ಬೆಲ್ಟು

ಇನ್ನೊಂದು ಡಬ್ಬಿ ಹೊಟ್ಟಿ ಕರಗಿಸೂ ಬೆಲ್ಟಿಂದು. ನಡಕ್ಕ ಕಟಗೊಂಡು ವೈರು ಹಚ್ಚಿದ್ರ ಗುಡುಗುಡು ಅಂತ ನಡಗಿಸ್ತೈತಲ್ಲ, ಅದು. ತರಿಸಿದಾಂವ ಒಬ್ಬ ಕುರುಬ, ಬೀರಪ್ಪನ ಭಕ್ತ. ವಿಳಾಸಾ ಏನಂತ ಬರಸ್ಯಾನ? "ಹುನಗುಂದ ತಾಲೂಕು, ಕುರಿ ಇದ್ದಲ್ಲಿ."

ಕುರಿ ಇದ್ದಲ್ಲಿ ಅಂದ್ರ ಎಲ್ಲಿ? ರೈತರು ಹೊಲಕ್ಕ ಗೊಬ್ಬರಾಗ್ಲಿ ಅಂತ ಕುರಿ ತರಬಸ್ತಾರ. ಇವತ್ತ ಈ ಹೊಲ, ನಾಳೆ ಆ ಹೊಲ. ನಾ ಹೋದಲ್ಲೆಲ್ಲಾ "ಮೊನ್ನೆ ಇಲ್ಲೇ ಇದ್ದ" ಅಂತಿದ್ರು. ಬೆಂಗಳೂರಿನ ಆಫೀಸಿನಾಗ ಪಾರ್ಸಲ್ ಎಲ್ಲೈತಿ ಅಂತ ಕಂಪ್ಯೂಟರ್ ಹೇಳ್ತಿತ್ತು. ನನಗ ಗಿರಾಕಿ ಎಲ್ಲದಾನ ಅಂತ ಕುರಿ ಹಿಕ್ಕಿನೇ ಹೇಳಬೇಕು. ಒಣ ಹಿಕ್ಕಿ ಕಂಡ್ರ ದೂರ ಹೋಗ್ಯಾನ, ಹಸಿ ಕಂಡ್ರ ಹತ್ರ ಅದಾನ. ಹಂಗ ನೋಡ್ಕೋತ ಹೋಗಿ ಕೂಡಲಸಂಗಮದ ಕಡೆ ಒಂದು ಹೊಲದಾಗ ಹಿಡದ್ನಿ.

ಆಂವ ನೋಡಿದ್ರ ಕಡ್ಡಿಯಂಥಾ ಮನಶ್ಯಾ. ಹೊಟ್ಟಿ ಬೆನ್ನಿಗೆ ಹತ್ತೇತಿ.

"ಕರಗಸಾಕ ನಿನ್ನ ಹಂತ್ಯಾಕ ಏನೈತಪಾ?" ಅಂದ್ನಿ.

"ನನಗಲ್ರಿ ಯಪ್ಪಾ, ಇವಂಗ" ಅಂತ ಒಂದು ಟಗರಿನ ಕೊಂಬು ಹಿಡದ. ಕಾಳಗದ ಟಗರು, ಗೂಳಿಯಂಗ ಐತಿ. "ಹಿಂದಿನ ಕಾಳಗದಾಗ ಇವನ ನಡಾ ಹಿಡದೈತ್ರಿ. ಗೌಡ್ರ ಮನಿ ಟೀವ್ಯಾಗ ತೋರಸಾಕತ್ತಿದ್ರು, ಬೆಲ್ಟ್ ಕಟ್ಟಿದ್ರ ನಡಾ ನೋವು ಹೋಗ್ತೈತಂತ."

ಹೊಲದಾಗಿನ ಪಂಪ್‌ಸೆಟ್ ಮನಿಗೆ ಒಯ್ದು ಟಗರಿಗೆ ಬೆಲ್ಟ್ ಕಟ್ಟಿದ್ವಿ. ಕರೆಂಟ್ ಬಂತು, ಬೆಲ್ಟು ಗುಡುಗುಡು ಅಂತು. ಟಗರು ಮೊದಲ ಹೌಹಾರಿತು. ಆಮ್ಯಾಲ ಸುಮ್ಮಾತು. ಆಮ್ಯಾಲ ಕಣ್ಣು ಮುಚ್ಚಿ, ತುಟಿ ಸಡಲ ಬಿಟ್ಟು, ನನ್ನ ಮೈ ಮ್ಯಾಲೇ ಒರಗಿ ನಿಂತಬಿಡ್ತು! ಅಂಥಾ ಸುಖಾ ನಾ ಮನಶ್ಯಾರ ಮಾರಿ ಮ್ಯಾಲೂ ನೋಡಿಲ್ಲ. ಮುಂದ ಎಲ್ಲೇ ಪಂಪಿನ ಸಪ್ಪಳಾ ಕೇಳಿದ್ರೂ ಅದು ಹಿಂಡು ಬಿಟ್ಟು ಅಲ್ಲಿಗೆ ಹೋಗಿ ನಿಂದರ್ತಿತ್ತಂತ.

ಒಂದಿನ ಆ ಕುರುಬ ಇಳಕಲ್ ಸಂತಿಗೆ ಬಂದಾಂವ ನನ್ನ ಹತ್ರ ಕುಂತಿದ್ದ. ಅಷ್ಟರಾಗ ಕಂಪನಿಯಿಂದ ಒಬ್ಬ ಹುಡಗಿ, ಬೆಲ್ಟು ತಗೊಂಡೋರ ಅಭಿಪ್ರಾಯ ಕೇಳಾಕ ಫೋನ್ ಮಾಡಿದ್ಳು. ನಾ ರಿಸೀವರ್ ಅವನ ಕೈಯಾಗ ಕೊಟ್ಟು, ಬಾಜೂಕ ಕಿವಿ ಹಚ್ಚಿದ್ನಿ.

"ಸರ್, ಸೊಂಟದ ಸುತ್ತಳತೆ ಎಷ್ಟು ಕಡಿಮೆಯಾಗಿದೆ?"

"ಅಳದಿಲ್ರಿ ಬಾಯಾರ. ಮೊನ್ನೆ ಮೈ ಮ್ಯಾಲಿನ ಉಣ್ಣೆ ಕತ್ತರಿಸೀವ್ರಿ, ಈಗ ಅರ್ಧಾಕ ಅರ್ಧಾ ಕಾಣಾಕತ್ತಾನ."

ಆ ಕಡೆ ಬರಕೊಂಡ ಸಪ್ಪಳಾ ಕೇಳ್ತು. ಆಮ್ಯಾಲ ಆ ಹುಡಗಿ, "ಅಭಿನಂದನೆಗಳು ಸರ್" ಅಂದ್ಳು.

೫. ಅಕ್ಕಿ ಕಳ್ಳರು

ನಾ ಯಾವುದಕ್ಕ ಹೆದರಿದ್ನೋ ಅದು ಬಂದೇ ಬಂತು. ಬೆಂಗಳೂರಿಂದ ಫೋನು: "ನಿಮ್ಮ ಗೋದಾಮಿನಿಂದ ಐಟಂ ಕಡಿಮೆ ಬರ್ತಿದೆ ಅಂತ ಗಿರಾಕಿಗಳ ದೂರು ಬಂದಿದೆ. ಮೇಡಂ ಖುದ್ದಾಗಿ ಬರ್ತಾರೆ. ಮಾಲು ಸೋರ್ತಿದೆ ಅಂತಾದ್ರೆ ಗೋದಾಮು ಇರಲ್ಲ."

ಸೀರಿ ನೋಡಿದ್ನಿ, ಖಣಾ ನೋಡಿದ್ನಿ. ಎಲ್ಲಾ ಬರೋಬ್ಬರಿ ಅದಾವ. ಚಿಗವ್ವ ಮನ್ಯಾಗಿರ್ಲಿಲ್ಲ. ಗುಳೇದಗುಡ್ಡದಾಗ ಆಕಿ ತಂಗಿಗೆ ಆರಾಮಿರ್ಲಿಲ್ಲ, ನೋಡ್ಕೊಳ್ಳಾಕ ಹೋಗಿದ್ಳು. ಅಷ್ಟ ದಿನಾ ಡಬ್ಬಿ ಕಟ್ಟಿದಾಂವ ನಾನೇ. ಅಂದ್ಮ್ಯಾಲ ದೂರು ಬಂದಿದ್ದು ನಾ ಕಟ್ಟಿದ ಡಬ್ಬಿಗೋಳ ಮ್ಯಾಲೇ! ಎಷ್ಟ ವಿಚಾರ ಮಾಡಿದ್ರೂ ಏನ್ ಬಿಟ್ಟೇನಿ ಅಂತ ತಿಳೀಲಿಲ್ಲ. ಮೇಡಂ ಬರೂ ಮುಂಜಾನೆ ಚಿಗವ್ವ ಹೊಳ್ಳಿ ಬಂದ್ಳು. ಸುದ್ದಿ ಕೇಳಿ ಪಾಪ, ಬಿಳಚಿಕೊಂಡಬಿಟ್ಲು.

ಮೇಡಂ ಬಂದ್ರು. ಪ್ಯಾಂಟು, ಶರ್ಟು, ಹೆಗಲ ಮ್ಯಾಲ ಒಂದು ಬ್ಯಾಗು. ವಯಸ್ಸು ಹೆಚ್ಚಿಲ್ಲ, ಮಾರಿ ಬಿಗಿ. ಓಣಿ ಮಂದಿ ಬಾಗಲಾಗ ಕೂಡಿದ್ರು, ಎಲ್ಲಾರ ಮುಂದ ದೊಡ್ಡವ್ವ. ನಾ ಚಾ ತರ್ಲೇನ್ರಿ ಅಂದ್ರ ಅವರು ಕೈಲೇ ಬ್ಯಾಡ ಅಂದ್ರು.

"ಅಕ್ಕಿ ಎಲ್ಲಿ?"

"ಯಾವ ಅಕ್ಕಿರಿ?"

"ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ, ಉತ್ತುತ್ತೆ! ನಿಮ್ಮ ಹತ್ರ ಇದರ ಸ್ಟಾಕ್ ಎಲ್ಲಿದೆ? ಹೋದ ಸಲ ಸೀರೆ ಜೊತೆ ಬಂದಿತ್ತು, ಈ ಸಲ ಬಂದಿಲ್ಲ ಅಂತ ಒಬ್ಬರು ಫೋನ್ ಮಾಡಿದ್ರು. ಅಕ್ಕನ ಡಬ್ಬೀಲಿತ್ತು, ನನ್ನ ಡಬ್ಬೀಲಿಲ್ಲ ಅಂತ ಇನ್ನೊಬ್ಬರು. ದೆಹಲಿ, ನಾಗ್ಪುರ, ಎಲ್ಲಾ ಕಡೆಯಿಂದ! ಈ ಉಚಿತ ಕೊಡುಗೆ ಯಾರು ಶುರು ಮಾಡಿದ್ದು ಅಂತ ಆಫೀಸಲ್ಲಿ ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ. ಯಾರೇ ಕಳಿಸಿರಲಿ, ಆ ಅಕ್ಕಿ ಈಗ ಯಾರ ಹೊಟ್ಟೆಗೆ ಹೋಗ್ತಿದೆ?"

"ಮೇಡಂ, ನಾವು ಜ್ವಾಳದ ರೊಟ್ಟಿ ತಿನ್ನೂ ಮಂದಿರಿ. ಅಕ್ಕಿ ಕದ್ದು ಏನ್ ಮಾಡೂಣ್ರಿ?"

ಅಷ್ಟರಾಗ ಸಾವಂತ್ರಕ್ಕನ ರ್‍ಯಾಕಿನ ಹಿಂದಿನಿಂದ ಚಿಗವ್ವ ಬಂದ್ಳು. ಕೈಯಾಗ ಒಂದು ಅರಿವಿ ಗಂಟು. ತಂದು ಮೇಡಂ ಮುಂದ ಬಿಚ್ಚಿದ್ಳು. ಅಕ್ಕಿ, ಕೊಬ್ಬರಿ ಬಟ್ಟಲಾ, ಅರಿಷಿಣ ಬೇರು, ಉತ್ತತ್ತಿ.

"ಇದು ನಂದರಿ. ಕಂಪನಿದಲ್ಲ. ಮನ್ಯಾಗಿಂದು ತಂದು ಹಾಕ್ತಿದ್ನಿ."

"ಯಾಕಮ್ಮಾ?"

"ಹೆಣ್ಮಗಳಿಗೆ ಸೀರಿ ಬರೇ ಹೆಂಗ ಕೊಡೂದ್ರಿ? ತವರಮನಿಯಿಂದ ಬಂದಂಗ ಬರಬೇಕಲ್ರಿ. ಒಂದೊಂದು ಹಿಡಿ ಹಾಕಿ, ಚೊಲೋ ಇರವಾ ಅಂದು ಮುಚ್ಚತಿದ್ನಿ."

ಬಾಗಲಾಗಿಂದ ದೊಡ್ಡವ್ವ ಎದಿ ಮ್ಯಾಲ ಕೈ ಇಟಗೊಂಡ್ಳು. "ಅಯ್ಯ ನಮ್ಮವ್ವ! ಉಡಿ ನೀ ತುಂಬಿದೇನ? ನೀನಽ?"

ಚಿಗವ್ವ ತಲಿ ಬಗ್ಗಸ್ಲಿಲ್ಲ. ಅಷ್ಟ ವರ್ಷ ಬಾಯಿ ಬಿಡದಾಕಿ ಅವತ್ತ ಬಿಟ್ಟಳು.

"ಹೂಂ ದೊಡ್ಡವ್ವ, ನಾನ ತುಂಬೀನಿ. ಇಲ್ಲಿ ನನ್ನ ಯಾರೂ ಕರೀಲಿಲ್ಲ. ಡಬ್ಬಿ ಒಳಗ ಯಾರು ತುಂಬಿದ್ರು ಅಂತ ಬರದಿರೂದಿಲ್ಲಲ್ಲ. ಆ ಹೆಣ್ಮಕ್ಕಳು ನನಗ ಗಂಡ ಅದಾನೋ ಇಲ್ಲೋ ಕೇಳೂದಿಲ್ಲ. ನನ್ನ ಮನಸಿಗೆ ಸಮಾಧಾನ ಆಗ್ತಿತ್ತು, ತುಂಬಿದ್ನಿ." ಆಮ್ಯಾಲ ಮೇಡಂ ಕಡೆ ತಿರಗಿದ್ಳು. "ತಪ್ಪಾಗಿದ್ರ ನನ್ನ ಬಿಡಸ್ರಿ ಯವ್ವಾ. ಗೋದಾಮು ಮುಚ್ಚಬ್ಯಾಡ್ರಿ."

ಒಂದೇ ಮನ್ಯಾಗ ಇದ್ದು, ಒಂದೇ ಹಲಗಿ ಮ್ಯಾಲ ಡಬ್ಬಿ ಕಟ್ಟಿ ನನಗ ಗೊತ್ತಾಗಿರ್ಲಿಲ್ಲ. ಬಾಜೂಮನ್ಯಾಗ ಕರೀದಿದ್ದಕ್ಕ ಈ ನಮ್ಮ ಚಿಗವ್ವ ದೇಶದ ತುಂಬ ಉಡಿ ತುಂಬ್ಯಾಳ! ದಿಲ್ಲಿಯೊಳಗಿನ ಹೆಣ್ಮಗಳು ಸೀರಿ ಬಿಚ್ಚಿ, ಅಕ್ಕಿ ನೋಡಿ, ಇದು ಯಾರು ಕಳಿಸಿದ್ರಪಾ ಅಂತ ಕುಂತಿರಬೇಕು.

ಮೇಡಂ ಬಗ್ಗಿ ಆ ಗಂಟು ನೋಡಿದ್ರು. ಮಾರಿ ಬಿಗಿ ಸಡಲಾತು. "ಯಾಕೆ ಹಾಕಿದ್ರಿ ಅಂತ ಒಬ್ಬರೂ ಫೋನ್ ಮಾಡಿಲ್ಲಮ್ಮಾ. ಯಾಕೆ ಹಾಕಿಲ್ಲ ಅಂತಲೇ ಎಲ್ಲರೂ ಕೇಳಿದ್ದು" ಅಂದ್ರು. ಆಮ್ಯಾಲ ಮೆಲ್ಲಕ, "ನನಗೂ ತುಂಬ್ತೀರಾ?"

ಚಿಗವ್ವ ಗಾಬ್ರಿ ಆದ್ಳು. ಉಡಿ ತುಂಬಾಕ ಸೆರಗು ಬೇಕು, ಮೇಡಂ ಹಂತ್ಯಾಕ ಸೆರಗೆಲ್ಲಿಂದ ಬರಬೇಕು? ಶರ್ಟಿನ ತುದಿ ಹಿಡದ್ರು, ಸಾಲಲಿಲ್ಲ. ಬ್ಯಾಗು ತಗದ್ರು, ಅದರಾಗ ಕಂಪ್ಯೂಟರ್ ಇತ್ತು. ಕಡೀಕ ಅಲ್ಲೇ ಬಿದ್ದಿದ್ದ ಒಂದು ಖಾಲಿ ರಟ್ಟಿನ ಡಬ್ಬಿ ಎತ್ತಿ, ನಡಕ್ಕ ಒತ್ತಿ ಹಿಡಕೊಂಡು ನಿಂತಬಿಟ್ರು. ಚಿಗವ್ವ ಡಬ್ಬ್ಯಾಗ ಅಕ್ಕಿ ಹಾಕಿದ್ಳು. "ಚೊಲೋ ಇರವಾ" ಅಂದ್ಳು. ಮೇಡಂ ಬಗ್ಗಿ ಕಾಲು ಮುಟ್ಟಿದ್ರು. ಅಕ್ಕಿ ಚೆಲ್ಲಬಾರದಂತ ನಾ ಡಬ್ಬಿ ಹಿಡಕೊಂಡ್ನಿ.

ಗೋದಾಮು ಉಳೀತು. ಉಡಿಗೂ ಕಂಪನಿಯಿಂದ ಒಂದು ಐಟಂ ನಂಬರ್ ಬಂತು. ಚಿಗವ್ವ ಅದಕ್ಕ ಬ್ಯಾರೆ ಒಂದು ರ್‍ಯಾಕು ಇಟ್ಟು, ಯಾರ ಹೆಸರೂ ಇಡಲಿಲ್ಲ. "ಅದು ನಂದು" ಅಂದ್ಳು.

ಇನ್ನ ದೊಡ್ಡವ್ವಂದು ಉಳದೈತಿ. ಕೆಲವು ದಿನಾ ಆಕಿ ನಮ್ಮ ಕಡೆ ಹಣಿಕಿ ಹಾಕ್ಲಿಲ್ಲ. ಆಕಿ ಸೊಸಿ ಬಸರಿದ್ಲು, ಮನ್ಯಾಗ ಕುಬಸದ ತಯಾರಿ ನಡದಿತ್ತು. ಚಿಗವ್ವನ್ನ ಕರೀತಾಳೋ ಇಲ್ಲೋ ಅಂತ ಓಣಿಗೆ ಓಣಿನೇ ನೋಡಾಕತ್ತಿತ್ತು. ನಾನೂ ನೋಡಾಕತ್ತಿದ್ನಿ. ಚಿಗವ್ವ ಅಷ್ಟ ನೋಡದವರಂಗ ಡಬ್ಬಿ ಕಟ್ಟತಿದ್ಳು. ಖರೆ, ಕುಬಸದ ದಿನ ಮುಂಜಾನೆಯಿಂದ ಆಕಿ ಒಂದ ಡಬ್ಬಿನ ಮೂರ್ನಾಕು ಸಲ ಬಿಚ್ಚಿ ಕಟ್ಟಿದ್ದು ನನ್ನ ಕಣ್ಣಿಗೆ ಬಿತ್ತು.

ಮಧ್ಯಾಹ್ನ ಆತು. ಹಸರ ಸೀರಿ, ಗುಳೇದಗುಡ್ಡದ ಖಣದ ಕುಪ್ಪಸಾ ತೊಟ್ಟ ಸೊಸಿನ್ನ ಕೈ ಹಿಡಕೊಂಡು ದೊಡ್ಡವ್ವ ನಮ್ಮ ಸೆಡ್ಡಿನೊಳಗ ಬಂದ್ಳು. ಆ ಹುಡಗಿ ಹೊಟ್ಟಿ ಮುಂದ ನಮ್ಮದೇ ಕಂಪನಿಯ ಒಂದು ಖಾಲಿ ಡಬ್ಬಿ ಹಿಡಕೊಂಡಿದ್ಲು.

ದೊಡ್ಡವ್ವ ಚಿಗವ್ವನ ಮಾರಿ ನೋಡ್ಲಿಲ್ಲ, ಗ್ವಾಡಿ ನೋಡ್ಕೋತ ಅಂದ್ಳು: "ನಾ ಎಲ್ಲಾ ವಿಚಾರ ಮಾಡೇನಿ. ಸೆರಗಿನಾಗ ನೀ ಹಾಕೂದು ಪದ್ಧತಿ ಇಲ್ಲ. ಆದ್ರ ಡಬ್ಬ್ಯಾಗ ಹಾಕಿದ್ರ ಅದು ಉಡಿ ಅಲ್ಲ, ಪಾರ್ಸಲ್ಲು. ಪಾರ್ಸಲ್ಲಿಗೆ ಶಾಸ್ತ್ರ ಇಲ್ಲ. ತುಂಬು, ತಂಗಿ. ಚೊಲೋ ಇರವಾ ಅನ್ನೂದು ಮರೀಬ್ಯಾಡ."

ಚಿಗವ್ವ ಅತ್ಲು, ನಕ್ಕಳು, ಎರಡೂ ಕೂಡೇ. ತನ್ನ ರ್‍ಯಾಕಿನಿಂದ ಅಕ್ಕಿ ತಂದ್ಳು, ಕೊಬ್ಬರಿ ಬಟ್ಟಲಾ ತಂದ್ಳು, ಡಬ್ಬಿ ತುಂಬ ತುಂಬಿದ್ಳು. ಹುಡಗಿ ತಲಿ ಮ್ಯಾಲ ಕೈ ಇಟ್ಟು "ಚೊಲೋ ಇರವಾ" ಅಂದ್ಳು. ದೊಡ್ಡವ್ವ ಸೆರಗಿನಿಂದ ಕಣ್ಣು ಒರಸ್ಕೊಂಡ್ಳು. ಚಿಗವ್ವಗಂತೂ ಕಣ್ಣ ತುಂಬ ನೀರು, ಮುಂದಿಂದು ಏನೂ ಕಾಣವಲ್ದು. ಕೈ ತನ್ನ ರೂಢಿ ಬಿಡ್ಲಿಲ್ಲ. ಡಬ್ಬಿ ಬಾಯಿ ಮುಚ್ಚಿ, ಚರ್‍ರ್ ಅಂತ ಟೇಪು ಎಳದು, ಮ್ಯಾಲ ಹಚ್ಚಾಕ ಹೋದ್ಳು.

ದೊಡ್ಡವ್ವ ಹೌಹಾರಿ ಸೊಸಿನ್ನ ಗಟ್ಟಿ ಹಿಡಕೊಂಡ್ಳು.

"ಯವ್ವಾ, ಟೇಪು ಹಚ್ಚಬ್ಯಾಡ! ಇವತ್ತ ಶುಕ್ರವಾರ ಐತಿ, ನಮ್ಮ ಮನಿ ಲಕ್ಷ್ಮಿನ್ನ ನಾ ಎಲ್ಲೂ ಕಳಸೂದಿಲ್ಲ!"